ಮಕ್ಕಳಾಟ ಅಲ್ಲ ಸ್ವಾಮಿ, ಬೆಕ್ಕಿನಾಟ

ಬುಲ್ಲಿಯಿಂಗ್ ಅನ್ನೋದಕ್ಕೆ ಕನ್ನಡದಲ್ಲಿ ಎಲ್ಲರೂ ಬಳಸೋ ಒಂದು ಪದ ಇಲ್ಲ. ರೇಗಿಸೋದು, ಕೀಟಲೆ, ಚೇಷ್ಟೆ, ಕಿಂಡಲ್ ಮಾಡೋದು, ಗೋಳು ಹೊಯ್ಕೊಳ್ಳೋದು ಅಂತೀವಿ. ಇರೋ ಪದಗಳಲ್ಲೆಲ್ಲ ಒಂದು ನಗು ಸೇರಿಕೊಂಡಿದೆ. ‘ನನ್ನನ್ನ ರೇಗಿಸ್ತಾರಮ್ಮ’ ಅಂತ ಮಗು ಬಂದು ಹೇಳಿದ್ರೆ ದೊಡ್ಡವರ ಮುಖದಲ್ಲಿ ಮೊದಲು ಮೂಡೋದೇ ಸಣ್ಣ ನಗು. ‘ಅಯ್ಯೋ, ಅಷ್ಟೇನಾ!’

ಆದ್ರೆ ಪದ ಇಲ್ಲದಿದ್ರೂ ವಿಷಯ ಏನಂತ ನಮಗೆ ಗೊತ್ತಿಲ್ಲದೆ ಇಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನೋ ಗಾದೆಯನ್ನ ನಮ್ಮೂರಲ್ಲಿ ಅಕ್ಷರ ಬಾರದ ಅಜ್ಜಿಯರೂ ಹೇಳ್ತಿದ್ರು. ಸ್ವೀಡನ್‌ನಲ್ಲಿ ಹುಟ್ಟಿ ನಾರ್ವೆಯಲ್ಲಿ ಕೆಲಸ ಮಾಡಿದ ಡ್ಯಾನ್ ಓಲ್ವಿಯಸ್ ಅನ್ನೋ ಮನಃಶಾಸ್ತ್ರಜ್ಞ ಇದರ ಮೇಲೇ ಜೀವಮಾನವಿಡೀ ಸಂಶೋಧನೆ ಮಾಡಿ ಮೂರು ಲಕ್ಷಣ ಹೇಳಿದ: ಬೇಕಂತಲೇ ನೋಯಿಸೋದು, ಅದನ್ನ ಮತ್ತೆಮತ್ತೆ ಮಾಡೋದು, ಇಬ್ಬರ ನಡುವೆ ಬಲದಲ್ಲಿ ಸಮ ಇಲ್ಲದಿರೋದು. ಮೂರನೇದು ಬಹಳ ಮುಖ್ಯ. ಇಬ್ಬರು ಸಮಾನ ಹುಡುಗರು ಕ್ರಿಕೆಟ್ ಬ್ಯಾಟಿಗೆ ಹೊಡೆದಾಡಿದ್ರೆ ಅದು ಜಗಳ. ಐದು ಜನ ಸೇರಿ ಒಬ್ಬನ ಊಟದ ಡಬ್ಬಿಯನ್ನ ದಿನಾ ಟಾಯ್ಲೆಟ್‌ನಲ್ಲಿ ಇಟ್ಟು ಬಂದ್ರೆ ಅದು ಜಗಳ ಅಲ್ಲ. ಈ ವ್ಯತ್ಯಾಸ ಗೊತ್ತಿರೋ ನಾವೇ ಶಾಲೆಯ ಗೇಟಿನ ಒಳಗೆ ಮಾತ್ರ ಅದನ್ನ ಮರೀತೀವಿ.

ನಾನು ಬಿಇ ಓದಿ ಸಾಫ್ಟ್‌ವೇರ್ ಕೆಲಸ ಮಾಡೋನು. ನಮ್ಮಲ್ಲಿ ಒಂದು ಹಳೇ ಜೋಕಿದೆ. ಟೆಸ್ಟರ್ ಬಂದು ಬಗ್ ಇದೆ ಅಂದ್ರೆ ಡೆವಲಪರ್ ಹೇಳೋ ಮಾತು: ‘ನನ್ನ ಮಷೀನಲ್ಲಿ ಸರಿಯಾಗೇ ಓಡ್ತಿದೆ.’ ದೂರು ತಂದ ತಂದೆ ತಾಯಿಗೆ ಎಷ್ಟೋ ಶಾಲೆಗಳು ಕೊಡೋ ಉತ್ತರ ಥೇಟ್ ಇದೇ. ‘ಮೇಡಂ, ಕ್ಲಾಸಲ್ಲಿ ನಾನು ನೋಡಿಲ್ವಲ್ಲ.’ ಸ್ವಾಮಿ, ನೀವು ನೋಡ್ತಿರೋವಾಗ ಯಾರು ಮಾಡ್ತಾರೆ? ಅದು ನಡೆಯೋದು ಸ್ಕೂಲ್ ವ್ಯಾನಿನ ಹಿಂದಿನ ಸೀಟಲ್ಲಿ, ಟಾಯ್ಲೆಟ್ ಹತ್ರ, ಪಿಟಿ ಪೀರಿಯಡ್ ಮುಗಿದು ಎಲ್ಲರೂ ಮೆಟ್ಟಿಲು ಹತ್ತೋ ಹೊತ್ತಲ್ಲಿ, ರಾತ್ರಿ ಒಂಬತ್ತಕ್ಕೆ ವಾಟ್ಸಾಪ್ ಗ್ರೂಪಲ್ಲಿ.

ಎರಡನೇ ಉತ್ತರ ಮಗುವಿಗೇ ಕೇಳೋ ಪ್ರಶ್ನೆ: ‘ನೀನೇನ್ ಮಾಡ್ದೆ?’ ನೂರು ಮಕ್ಕಳಿದ್ದಾರಲ್ಲ, ನಿನಗೇ ಯಾಕೆ ಹೀಗಾಗುತ್ತೆ? ಈ ಪ್ರಶ್ನೆಗೆ ಮಗು ಏನು ಹೇಳಬೇಕು? ನಾನು ಕಪ್ಪಗಿದೀನಿ ಅಂತಾನಾ, ದಪ್ಪಗಿದೀನಿ ಅಂತಾನಾ, ನನ್ನ ಇಂಗ್ಲಿಷು ಹಳ್ಳಿ ಇಂಗ್ಲಿಷು ಅಂತಾನಾ, ನಮ್ಮಪ್ಪ ಅದೇ ಶಾಲೆಯ ವ್ಯಾನ್ ಡ್ರೈವರ್ ಅಂತಾನಾ? ಜಾತಿ ಹಿಡಿದು ಕರೀತಾರೆ ಅಂತ ಹೇಳೋದಂತೂ ದೂರದ ಮಾತು. ಕೇಳೋರ ಜಾತಿ ಯಾವುದೋ ಅನ್ನೋ ಭಯ ಹತ್ತು ವರ್ಷದ ಮಗುವಿಗೂ ಇರುತ್ತೆ. ಒಂದು ಸಲ ಹೀಗೆ ಕೇಳಿಸಿಕೊಂಡ ಮಗು ಎರಡನೇ ಸಲ ಬಂದು ಹೇಳಲ್ಲ. ಆಗ ನಾವು ‘ಈಗ ಎಲ್ಲಾ ಸರಿ ಹೋಗಿದೆ’ ಅಂತ ತಿಳ್ಕೊಳ್ತೀವಿ.

ಮೂರನೇದು ಅಪ್ಪಂದಿರ ಫೇವರಿಟ್: ‘ನೀನೂ ಎರಡು ಬಾರಿಸಿ ಬಾ.’ ತಿರುಗಿ ಬಾರಿಸೋ ಶಕ್ತಿ ಇದ್ದಿದ್ರೆ ಆ ಮಗುವನ್ನ ಅವರು ಆರಿಸ್ತಾನೇ ಇರಲಿಲ್ಲ. ಹೊಡೆದು ಬರೋಕಾಗದೇ ಇದ್ರೆ ಈಗ ಅವಮಾನ ಎರಡು, ಒಂದು ಶಾಲೇಲಿ, ಇನ್ನೊಂದು ಮನೇಲಿ. ಅಕಸ್ಮಾತ್ ಧೈರ್ಯ ಮಾಡಿ ಹೊಡೆದುಬಿಟ್ಟ ಅಂತಿಟ್ಕೊಳ್ಳಿ, ಆರು ತಿಂಗಳು ಯಾರ ಕಣ್ಣಿಗೂ ಬೀಳದ್ದು ಆ ಒಂದು ಏಟು ಮಾತ್ರ ತಕ್ಷಣ ಬೀಳುತ್ತೆ. ಡೈರೀಲಿ ಕೆಂಪು ಶಾಯಿ ಅವನಿಗೇ.

ನಾಲ್ಕನೇದು ಶಾಂತಿ ಸಂಧಾನ. ಇಬ್ಬರನ್ನೂ ಆಫೀಸ್ ರೂಮಿಗೆ ಕರೆಸಿ, ಎದುರುಬದುರು ನಿಲ್ಲಿಸಿ, ‘ಸಾರಿ ಹೇಳು, ಶೇಕ್ ಹ್ಯಾಂಡ್ ಮಾಡು, ಇನ್ಮೇಲೆ ಫ್ರೆಂಡ್ಸ್.’ ಮೂರು ನಿಮಿಷದಲ್ಲಿ ಟಿಕೆಟ್ ಕ್ಲೋಸ್. ಯಾರು ದೂರು ಕೊಟ್ರು ಅಂತ ಖಚಿತವಾಗಿ ತೋರಿಸಿಕೊಟ್ಟು, ಅದೇ ಕಾರಿಡಾರಿಗೆ ಇಬ್ಬರನ್ನೂ ಒಟ್ಟಿಗೇ ವಾಪಸ್ ಕಳಿಸ್ತೀವಿ.

ಈಗ ನಿಮ್ಮ ಆಫೀಸಿಗೆ ಬನ್ನಿ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾನೂನನ್ನ ತಗೊಳ್ಳಿ. ಅದರ ಟ್ರೈನಿಂಗನ್ನ ನಾವೆಲ್ಲಾ ಪ್ರತಿ ವರ್ಷ ಕ್ಲಿಕ್ ಮಾಡಿ ಮಾಡಿ ಮುಗಿಸ್ತೀವಲ್ಲ, ಅದೇ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಕಡೆ ಆಂತರಿಕ ಸಮಿತಿ ಇರಬೇಕು, ಅದರಲ್ಲಿ ಹೊರಗಿನ ಒಬ್ಬ ಸದಸ್ಯರಿರಬೇಕು, 90 ದಿನದಲ್ಲಿ ವಿಚಾರಣೆ ಮುಗೀಬೇಕು. ರಾಜಿ ಮಾಡಿಸೋಕೂ ಅವಕಾಶ ಇದೆ, ಆದ್ರೆ ದೂರು ಕೊಟ್ಟ ಮಹಿಳೆಯೇ ಅದನ್ನ ಕೇಳಿದ್ರೆ ಮಾತ್ರ. ಸಂಬಳ, ಲಾಯರು, ಓಟು ಎಲ್ಲಾ ಇರೋ ದೊಡ್ಡವರಿಗೇ ಬಲವಂತದ ರಾಜಿ ಅನ್ಯಾಯ ಅಂತ ಕಾನೂನು ಒಪ್ಪಿದೆ. ಇದ್ಯಾವುದೂ ಇಲ್ಲದ ಒಂಬತ್ತು ವರ್ಷದವನಿಗೆ ‘ಶೇಕ್ ಹ್ಯಾಂಡ್ ಮಾಡು’ ಅಂತೀವಿ. ನಿಮ್ಮ ಲ್ಯಾಪ್‌ಟಾಪ್ ಬ್ಯಾಗನ್ನ ಯಾರೋ ದಿನಾ ಕಸದ ಬುಟ್ಟಿಗೆ ಹಾಕಿದ್ರೆ ನೀವು ಎಚ್‌ಆರ್‌ಗೆ ಮೇಲ್ ಹಾಕ್ತೀರಾ, ‘ಅಡ್ಜಸ್ಟ್ ಮಾಡ್ಕೊ’ ಅಂತ ಸುಮ್ನಿರ್ತೀರಾ?

‘ನಾವೂ ಇದನ್ನೆಲ್ಲ ದಾಟೇ ಬಂದಿದೀವಿ, ಏನಾಯ್ತೀಗ? ಗಟ್ಟಿಯಾಗಿದೀವಿ’ ಅನ್ನೋ ಮಾತನ್ನ ನಮ್ಮ ವಯಸ್ಸಿನೋರ ಬಾಯಲ್ಲೇ ಜಾಸ್ತಿ ಕೇಳ್ತೀನಿ, ಅದೂ ಕಾಫಿ ಮಷೀನ್ ಹತ್ರ. ಗಮನಿಸಿ, ಆ ಕಾಫಿ ಮಷೀನ್ ಹತ್ರ ನಿಂತಿರೋರೆಲ್ಲ ದಾಟಿ ಬಂದವರೇ. ದಾಟದವರು ಅಲ್ಲಿಲ್ಲ.

ನಮ್ಮೂರಿನ ಹೈಸ್ಕೂಲಲ್ಲಿ ನನ್ನ ಜೊತೆ ಒಬ್ಬ ಹುಡುಗ ಇದ್ದ. ಅವನಿಗೆ ಉಗ್ಗು. ಬೆಳಿಗ್ಗೆ ಹಾಜರಿ ಕೂಗಿದಾಗ ‘ಪ್ರೆಸೆಂಟ್ ಸಾರ್’ ಅನ್ನೋ ಎರಡು ಪದ ಅವನ ಬಾಯಿಂದ ಹೊರಡೋಕೆ ಹೊತ್ತು ಹಿಡೀತಿತ್ತು. ಮೊದಮೊದಲು ಹಿಂದಿನ ಬೆಂಚಿನವರು ಅಣಕಿಸ್ತಿದ್ರು. ಒಂದಿನ ಮೇಷ್ಟ್ರೇ ಅಣಕಿಸಿದ್ರು. ಅವತ್ತಿಂದ ಅದಕ್ಕೆ ಲೈಸೆನ್ಸ್ ಸಿಕ್ಕಂಗಾಯ್ತು. ಬಾವಿಕಟ್ಟೆ, ಕಬಡ್ಡಿ ಅಂಕಣ, ಬಸ್ ಸ್ಟ್ಯಾಂಡ್, ಎಲ್ಲಿ ಹೋದ್ರೂ ‘ಪ್ಪ್ಪ್ಪ್ರೆಸೆಂಟ್’ ಅನ್ನೋದೇ ಅವನ ಹೆಸರು. ದಸರಾ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಅವರಪ್ಪ ಒಂದು ಸಲ ಬಂದು ಕೇಳಿದಾಗ ಮೇಷ್ಟ್ರು ಹೇಳಿದ್ದು: ‘ಓದು ತಲೆಗೆ ಹತ್ತಲ್ಲ ಬಿಡಪ್ಪಾ, ಹೊಲದ ಕೆಲಸ ಕಲಿಸು.’ ಲೆಕ್ಕದಲ್ಲಿ ಅವನು ನಮ್ಮೆಲ್ಲರಿಗಿಂತ ಮುಂದಿದ್ದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿ ಅಂತಷ್ಟೇ ಬಿತ್ತು, ಕಾರಣ ಬರೆಯೋಕೆ ಅಲ್ಲಿ ಜಾಗ ಇರಲಿಲ್ಲ. ಗಟ್ಟಿಯಾದ್ವಿ ಅನ್ನೋರು ಅವನನ್ನ ಕೇಳಿದಾರಾ?

ಹಾಗಂತ ಕೀಟಲೆ ಮಾಡಿದವನನ್ನ ಹಿಡಿದು ಬೆತ್ತದಲ್ಲಿ ಬಾರಿಸಿ ಅಂತ ನಾನು ಹೇಳ್ತಿಲ್ಲ. ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತೆ, 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕಾನೂನು ಬಿಡಿ, ಸುಮ್ನೆ ಯೋಚಿಸಿ. ದೊಡ್ಡವನು ಚಿಕ್ಕವನನ್ನ ಹೊಡೀಬಾರದು ಅಂತ ಕಲಿಸೋಕೆ ಇನ್ನೂ ದೊಡ್ಡವನೊಬ್ಬ ಹೊಡೆದ್ರೆ ಹುಡುಗ ಕಲಿಯೋದೇನು? ‘ಬೇಗ ದೊಡ್ಡವನಾಗಬೇಕು’ ಅಂತ, ಅಷ್ಟೇ.

ಹಾಗಾದ್ರೆ ಏನ್ ಮಾಡೋದು? ಮಾಡಿ ತೋರಿಸಿದೋರು ಇದ್ದಾರೆ. 1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ 10ರಿಂದ 14 ವರ್ಷದ ಮೂವರು ಹುಡುಗರು ಪ್ರಾಣ ಕಳ್ಕೊಂಡ್ರು. ಸಹಪಾಠಿಗಳ ಕಾಟವೇ ಕಾರಣ ಅನ್ನೋದು ಹೆಚ್ಚುಕಡಿಮೆ ಸ್ಪಷ್ಟವಿತ್ತು. ಆ ದೇಶ ‘ಮಕ್ಕಳಾಟ’ ಅನ್ನಲಿಲ್ಲ. 1983ರಲ್ಲಿ ಇಡೀ ದೇಶದ ಶಾಲೆಗಳಲ್ಲಿ ಅಭಿಯಾನ ಶುರುವಾಯ್ತು. ಓಲ್ವಿಯಸ್ ಬರ್ಗನ್ ನಗರದ 42 ಶಾಲೆಗಳ ಸುಮಾರು 2500 ಮಕ್ಕಳನ್ನ ಎರಡೂವರೆ ವರ್ಷ ಗಮನಿಸಿದಾಗ ಈ ಕಾಟ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಅವರು ಮಾಡಿದ್ದರಲ್ಲಿ ರಾಕೆಟ್ ವಿಜ್ಞಾನ ಏನೂ ಇರಲಿಲ್ಲ. ಮಕ್ಕಳ ಹೆಸರು ಕೇಳದೆ ಪ್ರಶ್ನಾವಳಿ ತುಂಬಿಸಿ ಎಲ್ಲಿ, ಯಾವಾಗ ನಡೆಯುತ್ತೆ ಅಂತ ತಿಳ್ಕೊಂಡ್ರು. ಬಿಡುವಿನ ಹೊತ್ತಲ್ಲಿ ದೊಡ್ಡವರ ನಿಗಾ ಹೆಚ್ಚಿಸಿದ್ರು. ತರಗತಿಯಲ್ಲಿ ನಿಯಮ ಮಾಡಿ ಚರ್ಚೆ ಮಾಡಿದ್ರು. ಕಾಟ ಕೊಟ್ಟವನ ಜೊತೆ, ಅನುಭವಿಸಿದವನ ಜೊತೆ, ಇಬ್ಬರ ಮನೆಯವರ ಜೊತೆ ಗಂಭೀರವಾಗಿ ಕೂತು ಮಾತಾಡಿದ್ರು.

ಇನ್ನೊಂದು ಲೆಕ್ಕ ನೋಡಿ. ಕೆನಡಾದ ಟೊರೊಂಟೊದಲ್ಲಿ ಶಾಲೆಯ ಆಟದ ಮೈದಾನಗಳನ್ನ ಕ್ಯಾಮೆರಾದಲ್ಲಿ ಚಿತ್ರಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಘಟನೆಗಳಲ್ಲಿ ಶೇ. 88ರಷ್ಟು ಕಡೆ ಬೇರೆ ಮಕ್ಕಳು ಸುತ್ತ ಇದ್ರು. ಮಧ್ಯೆ ಬಂದು ತಡೆದಿದ್ದು ಶೇ. 19ರಲ್ಲಿ ಮಾತ್ರ. ಆದ್ರೆ ಹಾಗೆ ಯಾರೋ ಒಂದು ಮಗು ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ 10 ಸೆಕೆಂಡಿನೊಳಗೆ ಆಟ ನಿಂತುಹೋಗಿತ್ತು. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯ ರೂಪಿಸಿದ ಕಿವಾ ಅನ್ನೋ ಕಾರ್ಯಕ್ರಮ ನಿಂತಿರೋದೇ ಈ ತಿಳುವಳಿಕೆಯ ಮೇಲೆ: ನೋಡ್ತಾ ನಗೋರ ನಗು ನಿಲ್ಲಿಸಿ, ಬೆಕ್ಕಿನ ಉತ್ಸಾಹ ತಾನಾಗೇ ಇಳಿಯುತ್ತೆ. ನಮ್ಮೂರ ಮೇಷ್ಟ್ರು ಮಾಡಿದ್ದು ಸರಿಯಾಗಿ ಇದರ ಉಲ್ಟಾ. ಆ ನಗುವಿನಲ್ಲಿ ತಾವೂ ಸೇರ್ಕೊಂಡ್ರು.

ನಮ್ಮಲ್ಲಿ ನಿಯಮಗಳೇ ಇಲ್ಲ ಅಂತಲ್ಲ. ಹಿಮಾಚಲ ಪ್ರದೇಶದಲ್ಲಿ ಒಬ್ಬ ವೈದ್ಯ ವಿದ್ಯಾರ್ಥಿ ಸೀನಿಯರ್‌ಗಳ ಏಟಿಗೆ ಸತ್ತ ಮೇಲೆ, 2009ರಲ್ಲಿ ಯುಜಿಸಿ ಕಾಲೇಜುಗಳಿಗೆ ರ‍್ಯಾಗಿಂಗ್ ವಿರೋಧಿ ನಿಯಮ ತಂತು. ನಾವು ಬಿಇ ಸೇರೋವಾಗ ಸಿಗದ ರಕ್ಷಣೆ ಈಗಿನವರಿಗೆ ಕಾಗದದ ಮೇಲಾದ್ರೂ ಇದೆ, ಸಂತೋಷ. ಶಾಲೆಗಳ ವಿಷಯಕ್ಕೆ ಬಂದ್ರೆ ಸಿಬಿಎಸ್‌ಇ 2015ರಲ್ಲೇ ತನ್ನ ಶಾಲೆಗಳಿಗೆ ಬುಲ್ಲಿಯಿಂಗ್ ತಡೆ ಸಮಿತಿ ಮಾಡಿ ಅಂತ ಸುತ್ತೋಲೆ ಕಳಿಸಿದೆ. ಉಪಪ್ರಾಂಶುಪಾಲರು, ಹಿರಿಯ ಶಿಕ್ಷಕರು, ಆಪ್ತಸಮಾಲೋಚಕರು, ಪೋಷಕರ ಪ್ರತಿನಿಧಿ ಅದರಲ್ಲಿರಬೇಕು. ಮುಂದಿನ ಪೇರೆಂಟ್ಸ್ ಮೀಟಿಂಗಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: ‘ನಮ್ಮ ಶಾಲೆಯಲ್ಲಿ ಆ ಸಮಿತಿಯಲ್ಲಿ ಯಾರ‍್ಯಾರಿದ್ದಾರೆ?’ ಸ್ವಿಮ್ಮಿಂಗ್ ಪೂಲ್ ಎಷ್ಟು ಉದ್ದ ಅಂತ ಕೇಳಿ ಅಡ್ಮಿಷನ್ ಮಾಡಿಸಿದ ನಮಗೆ ಇದನ್ನ ಕೇಳೋಕೆ ಏನು ಸಂಕೋಚ?

ಶಾಲೆಯನ್ನ ಬೈದು ಮುಗಿಸೋದೂ ಸುಲಭ. ದೂರು ಬಂದಾಗ ಶಾಲೆ ಬಾಗಿಲು ಹಾಕ್ಕೊಳ್ಳೋಕೆ ಒಂದು ಕಾರಣ ನಾವೇ. ‘ನಿಮ್ಮ ಮಗ ಇನ್ನೊಬ್ಬನಿಗೆ ಕಾಟ ಕೊಡ್ತಿದಾನೆ’ ಅಂತ ಫೋನ್ ಬಂದ್ರೆ ನಮ್ಮ ಮೊದಲ ಮಾತು ಏನು? ‘ನಮ್ಮ ಮಗ ಹಾಗಲ್ಲ ಮಿಸ್.’ ಮಗನಿಗೆ ಆ ಅಡ್ಡಹೆಸರುಗಳು ಎಲ್ಲಿಂದ ಬಂದ್ವು? ನಮ್ಮ ಡ್ರಾಯಿಂಗ್ ರೂಮಿಂದ. ಸೆಕ್ಯುರಿಟಿಯವನ ಹಿಂದಿ, ಕೆಲಸದವಳ ಬಣ್ಣ, ಮ್ಯಾನೇಜರ್ ಹೊಟ್ಟೆ, ಇದನ್ನೆಲ್ಲ ಆಡ್ಕೊಂಡು ನಾವು ನಗೋದನ್ನ ಅವನು ಹೋಂವರ್ಕ್ ಮಾಡ್ತಾ ಕೇಳಿಸ್ಕೊಂಡಿರ್ತಾನೆ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಮಗು ಹೇಳಿದ್ದನ್ನ ದಿನಾಂಕ ಸಮೇತ ಬರೆದಿಡಿ, ಶಾಲೆಗೂ ಬರವಣಿಗೆಯಲ್ಲೇ ಕೊಡಿ, ಬಾಯಿಮಾತಿನ ದೂರಿಗೆ ಆಯುಷ್ಯ ಇಲ್ಲ. ಇಬ್ಬರನ್ನೂ ಬೇರೆಬೇರೆಯಾಗಿ ಕೇಳಿ ಅಂತ ಪಟ್ಟು ಹಿಡೀರಿ. ವಾರ ಬಿಟ್ಟು, ತಿಂಗಳು ಬಿಟ್ಟು ಮತ್ತೆ ವಿಚಾರಿಸಿ. ಶಾಲೆ ಕಿವಿಗೆ ಹಾಕ್ಕೊಳ್ಳದಿದ್ರೆ ಮಕ್ಕಳ ಸಹಾಯವಾಣಿ 1098 ಇದೆ, ನಿಮ್ಮ ಮಗುವಿಗೂ ಆ ನಂಬರು ಬಾಯಿಪಾಠ ಇರಲಿ. ಇಷ್ಟಕ್ಕೂ ಮೊದಲು, ಮಗು ಬಂದು ಹೇಳಿದ ಆ ಸಂಜೆ ‘ನೀನೇನ್ ಮಾಡ್ದೆ’ ಅನ್ನೋದನ್ನ ನುಂಗ್ಕೊಂಡು, ಫೋನ್ ಕೆಳಗಿಟ್ಟು, ಇಷ್ಟು ಹೇಳಿ: ‘ಹೇಳಿದ್ದು ಒಳ್ಳೇದಾಯ್ತು ಕಂದ. ಇನ್ಮೇಲೆ ಇದು ನನ್ನ ಕೆಲಸ.’ ಹೇಳಿದ ಮೇಲೆ ಆ ಕೆಲಸ ಮಾಡಿ.