ಸ್ಥೌಲ್ಯವೂ ಮೂತ್ರಪಿಂಡದ ಸರದಿಯೂ

ಈ ತಿಂಗಳು ನಾವು ಬರೆಯಬೇಕೆಂದಿದ್ದ ವಿಷಯವೇ ಬೇರೆ. ಅದನ್ನು ಬದಿಗಿಟ್ಟು ಇದನ್ನು ಬರೆಯುವುದಕ್ಕೆ ಕಾರಣ ಒಂದು ದೂರವಾಣಿಯ ಕರೆ. ಒಂದು ದಿನ ಬೆಳಿಗ್ಗೆ, ಕೈಯಲ್ಲಿದ್ದ ಕಾಫಿಯ ಲೋಟವನ್ನು ನಾವಿನ್ನೂ ಕೆಳಗಿಟ್ಟಿರಲಿಲ್ಲ. ಅಮೆರಿಕದಿಂದ ಕರೆ ಬಂದಿತು. “ನಮಸ್ಕಾರ ಮೇಷ್ಟ್ರೇ, ನಾನು ನಿಮ್ಮ ಲಂಬೋದರ” ಎಂದಿತು ಆ ಕಡೆಯ ಧ್ವನಿ. ಗುರುತು ಹತ್ತುವುದಕ್ಕೆ ನಮಗೆ ಕ್ಷಣವೂ ಬೇಕಾಗಲಿಲ್ಲ.

ಆ ಹೆಸರನ್ನು ಅವನಿಗಿಟ್ಟವರು ತಾಯಿತಂದೆಗಳಲ್ಲ, ನಾವು. ಮೂವತ್ತೈದು ವರ್ಷಗಳ ಕೆಳಗೆ ಪ್ರೌಢಶಾಲೆಯಲ್ಲಿ ಬಹುವ್ರೀಹಿ ಸಮಾಸವನ್ನು ಹೇಳಿಕೊಡುತ್ತ, ಲಂಬವಾದ ಉದರವು ಯಾವನಿಗಿದೆಯೋ ಅವನೇ ಲಂಬೋದರನೆಂದು ವಿಗ್ರಹಿಸಿ, ಎರಡನೆಯ ಸಾಲಿನಲ್ಲಿದ್ದ ದಪ್ಪ ಹುಡುಗನ ಕಡೆಗೆ ಬೆತ್ತವನ್ನು ತೋರಿಸಿದೆವು. ತರಗತಿಯೆಲ್ಲ ನಕ್ಕಿತು, ಹುಡುಗನೂ ನಕ್ಕನು. ಪಾಠವು ಚೆನ್ನಾಗಿ ನಾಟಿತೆಂದು ನಾವು ಹಿಗ್ಗಿದೆವು. ಶಾಲೆಯನ್ನು ಬಿಡುವವರೆಗೂ ಅವನಿಗೆ ಬೇರೊಂದು ಹೆಸರಿರಲಿಲ್ಲ.

ಈಗ ಅವನ ಎರಡು ಮೂತ್ರಪಿಂಡಗಳೂ ಮಧುಮೇಹದಿಂದ ಕೆಟ್ಟುಹೋಗಿವೆ. ಎರಡು ವರ್ಷಗಳಿಂದ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆಗಳ ಕಾಲ, ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಅವನು ಮಲಗಬೇಕು. ಬೇರೊಬ್ಬರ ಮೂತ್ರಪಿಂಡವನ್ನು ಕಸಿ ಮಾಡಿಸಿಕೊಳ್ಳಬಹುದೆಂದು ಆಸ್ಪತ್ರೆಗೆ ಹೋದರೆ, ತೂಕವು ಇಳಿಯುವ ತನಕ ಹೆಸರನ್ನು ಸರದಿಯ ಪಟ್ಟಿಗೆ ಸೇರಿಸುವುದಿಲ್ಲವೆಂದು ಹೇಳಿ ಕಳುಹಿಸಿದರಂತೆ. ಇದು ನಡೆದು ಎಂಟು ತಿಂಗಳಾಯಿತು. ಈ ಎಂಟು ತಿಂಗಳು ಅವನು ಮತ್ತಾವ ವೈದ್ಯರನ್ನೂ ವಿಚಾರಿಸಿಲ್ಲ. ಏಕೆಂದು ಕೇಳಿದೆವು. “ತಪ್ಪು ನನ್ನದೇ ಅಲ್ಲವೇ ಮೇಷ್ಟ್ರೇ? ಯಾವ ಮುಖ ಇಟ್ಟುಕೊಂಡು ಕೇಳಲಿ?” ಎಂದನು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ನಾಚಿಕೆಯ ಮೊದಲನೆಯ ಪಾಠವನ್ನು ಹೇಳಿಕೊಟ್ಟವರು ಯಾರೆಂಬುದು ನಮಗೆ ತಿಳಿದಿತ್ತು.

ಅಂದಿನಿಂದ ನಾವು ಸ್ನೇಹಿತರಾದ ವೈದ್ಯರೊಬ್ಬರನ್ನು ಕಾಡಿ, ಕೈಗೆ ಸಿಕ್ಕಿದ್ದನ್ನು ಓದಿ, ತಿಳಿದುಕೊಂಡದ್ದನ್ನು ಗೃಹಸ್ಥರ ಉಪಯೋಗಕ್ಕಾಗಿ ಇಲ್ಲಿ ನಿವೇದಿಸುತ್ತೇವೆ.

ಮೂತ್ರಪಿಂಡದ ಕಸಿಯು ಮೊಟ್ಟಮೊದಲು ಸಫಲವಾದದ್ದು ೧೯೫೪ರ ಡಿಸೆಂಬರಿನಲ್ಲಿ, ಬಾಸ್ಟನ್ ನಗರದಲ್ಲಿ, ಅವಳಿ ಸೋದರರ ನಡುವೆ. ಅದನ್ನು ಮಾಡಿದ ಡಾಕ್ಟರ್ ಜೋಸೆಫ್ ಮರ್ರೆಯವರಿಗೆ ೧೯೯೦ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ನಮ್ಮ ದೇಶದಲ್ಲಿ ೧೯೭೧ರಲ್ಲಿ ವೆಲ್ಲೂರಿನಲ್ಲಿ ಇದು ಕೈಗೂಡಿತು. ಇಂದು ಅಮೆರಿಕ ಒಂದರಲ್ಲಿಯೇ ಸುಮಾರು ೯೦,೦೦೦ ಮಂದಿ ಮೂತ್ರಪಿಂಡಕ್ಕಾಗಿ ಕಾದಿರುವರು. ಬೇಡುವವರು ಬಹಳ, ಕೊಡುವವರು ಕಡಮೆ. ಆದಕಾರಣ ಸರದಿಯೊಳಗೆ ಯಾರನ್ನು ಸೇರಿಸಬೇಕೆಂಬ ಪ್ರಶ್ನೆಯು ಹುಟ್ಟಿಕೊಂಡಿದೆ.

ಸ್ಥೌಲ್ಯವನ್ನು ಅಳೆಯುವುದಕ್ಕೆ ವೈದ್ಯರು ಒಂದು ಲೆಕ್ಕವನ್ನು ಇಟ್ಟುಕೊಂಡಿರುವರು. ಕಿಲೋಗ್ರಾಮಿನಲ್ಲಿ ತೂಕವನ್ನು, ಮೀಟರಿನಲ್ಲಿ ಎತ್ತರದ ವರ್ಗದಿಂದ ಭಾಗಿಸುವುದು. ನಮ್ಮ ಶಿಷ್ಯನ ಎತ್ತರ ೧.೭ ಮೀಟರು, ಅದರ ವರ್ಗ ೨.೮೯. ತೂಕ ೧೧೩ ಕಿಲೋಗ್ರಾಮು. ಭಾಗಿಸಿದರೆ ೩೯.೧. ಇದು ೩೦ನ್ನು ಮುಟ್ಟಿದರೆ ಸ್ಥೌಲ್ಯವೆಂದು ಆ ದೇಶದಲ್ಲಿ ಎಣಿಸುವರು. ಅನೇಕ ಆಸ್ಪತ್ರೆಗಳು ೩೫ ಅಥವಾ ೪೦ರ ಗೆರೆಯನ್ನು ಎಳೆದು, ಅದನ್ನು ದಾಟಿದವರಿಗೆ ಕಸಿಯಿಲ್ಲವೆನ್ನುವುವು. ಇವನಿಗೆ ೩೫ರ ಗೆರೆ. ಅಂದರೆ ೧೨ ಕಿಲೋಗ್ರಾಮು ಇಳಿಯಬೇಕು.

ಈ ಲೆಕ್ಕದ ಚರಿತ್ರೆಯನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ಇದನ್ನು ಕಂಡುಹಿಡಿದವನು ವೈದ್ಯನಲ್ಲ. ೧೮೩೦ರ ದಶಕದಲ್ಲಿದ್ದ ಬೆಲ್ಜಿಯಂ ದೇಶದ ಖಗೋಳಜ್ಞ ಕ್ವೆಟ್‌ಲೆ. ಜನಸಮೂಹದ ಸರಾಸರಿ ಮನುಷ್ಯನು ಹೇಗಿರುವನೆಂದು ತಿಳಿಯುವುದು ಅವನ ಉದ್ದೇಶವಾಗಿದ್ದಿತೇ ಹೊರತು, ಒಬ್ಬ ರೋಗಿಗೆ ಚಿಕಿತ್ಸೆಯನ್ನು ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವುದಲ್ಲ. ಅದಕ್ಕೆ ಈಗಿನ ಹೆಸರು ಬಂದದ್ದೇ ೧೯೭೨ರಲ್ಲಿ. ದೇಹದ ತೂಕದಲ್ಲಿ ಮಾಂಸವೆಷ್ಟು, ಕೊಬ್ಬೆಷ್ಟು, ನೀರೆಷ್ಟು ಎಂಬುದನ್ನು ಅದು ಹೇಳಲಾರದು. ಮೂತ್ರಪಿಂಡ ಕೆಟ್ಟವನ ಮೈಯಲ್ಲಿ ನೀರು ನಿಲ್ಲುವುದು ಸಾಮಾನ್ಯ. ಆ ನೀರೂ ಕೊಬ್ಬಿನ ಲೆಕ್ಕಕ್ಕೇ ಸೇರಿಹೋಗುತ್ತದೆ.

ಶಸ್ತ್ರವೈದ್ಯರ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಸ್ಥೂಲಶರೀರದಲ್ಲಿ ಕೊಯ್ದ ಗಾಯವು ಕೀವಾಗುವ ಸಂಭವ ಹೆಚ್ಚು, ಹೊಲಿಗೆ ಬಿಡುವುದುಂಟು, ಹೊಸ ಮೂತ್ರಪಿಂಡವು ಕೂಡಲೇ ಕೆಲಸಮಾಡದೆ ತಡೆಯುವುದುಂಟು, ಮೊದಲು ಇಲ್ಲದಿದ್ದವರಿಗೂ ಕಸಿಯ ತರುವಾಯ ಮಧುಮೇಹ ಬರುವುದುಂಟು. ದುರ್ಲಭವಾದ ಅಂಗವು ವ್ಯರ್ಥವಾಗಬಾರದೆಂಬ ಚಿಂತೆ ಅವರದು. ಇವೆಲ್ಲವೂ ನಿಜ.

ಆದರೆ ಮುಖ್ಯವಾದ ಪ್ರಶ್ನೆ ಬೇರೆ. ಸ್ಥೂಲನಾದ ರೋಗಿಯನ್ನು ಕೃಶನಾದ ರೋಗಿಯೊಡನೆ ಹೋಲಿಸಿದರೆ ಸಾಲದು. ಕಸಿಯನ್ನು ಪಡೆದ ಸ್ಥೂಲನನ್ನು, ಕಸಿಯಿಲ್ಲದೆ ಯಂತ್ರದ ಪಕ್ಕದಲ್ಲೇ ಉಳಿದ ಸ್ಥೂಲನೊಡನೆ ಹೋಲಿಸಬೇಕು. ಹಾಗೆ ಹೋಲಿಸಿದಾಗ, ಬಹುಮಟ್ಟಿಗೆ ಕಸಿಯನ್ನು ಪಡೆದವನೇ ಹೆಚ್ಚು ಕಾಲ ಬದುಕುವನೆಂದು ಕಂಡುಬಂದಿದೆ. ಹೀಗಿದ್ದರೂ ನಡೆದಿರುವುದೇನು? ಅಮೆರಿಕದಲ್ಲಿ ೧೯೯೫ರಿಂದ ೨೦೦೬ರ ವರೆಗೆ ಪಟ್ಟಿಗೆ ಸೇರಿದ್ದ ೧,೩೨,೩೫೩ ಮಂದಿಯ ವಿವರವನ್ನು ಪರಿಶೀಲಿಸಿ ೨೦೦೮ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಮೇಲೆ ಹೇಳಿದ ಅಂಕವು ೩೫ರಿಂದ ೪೦ರೊಳಗಿದ್ದವರಿಗೆ ಕಸಿ ದೊರೆಯುವ ಸಂಭವವು ಸಾಧಾರಣ ಮೈಕಟ್ಟಿನವರಿಗಿಂತ ನೂರಕ್ಕೆ ೨೮ರಷ್ಟು ಕಡಮೆ. ೪೦ನ್ನು ಮೀರಿದವರಿಗೆ ನೂರಕ್ಕೆ ೪೪ರಷ್ಟು ಕಡಮೆ. ಇವರೆಲ್ಲರೂ ಪಟ್ಟಿಯೊಳಗೆ ಸೇರಿದ್ದವರೇ ಎಂಬುದನ್ನು ವಾಚಕರು ಗಮನಿಸಬೇಕು. ಅಂಗವು ಬಂದು ಇವರ ಸರದಿಯಾದಾಗಲೂ ಇವರನ್ನು ದಾಟಿ ಮುಂದಿನವರಿಗೆ ಕೊಟ್ಟದ್ದು ಹೆಚ್ಚು. ಬಾಗಿಲಿನಿಂದಲೇ ಹಿಂದಿರುಗಿದವರು ಈ ಲೆಕ್ಕಕ್ಕೆ ಬಂದೇ ಇಲ್ಲ.

ಹಾಗಾದರೆ ತೂಕವನ್ನು ಇಳಿಸಿದರಾಯಿತಲ್ಲವೇ ಎಂದು ಕೆಲವರು ಕೇಳಬಹುದು. ನಾವೂ ಹಾಗೆಯೇ ಕೇಳಿದೆವು. ಡಯಾಲಿಸಿಸ್ ಮಾಡಿಸಿಕೊಳ್ಳುವವನಿಗೆ ಹಣ್ಣು ತರಕಾರಿಗಳಲ್ಲಿ ಅನೇಕವು ವರ್ಜ್ಯ, ಎಳನೀರಂತೂ ಅಪಾಯಕರ. ಯಂತ್ರದಿಂದ ಬಿಡಿಸಿಕೊಂಡು ಬಂದ ದಿನ ಕಾಲೆತ್ತಿ ನಡೆಯುವ ಶಕ್ತಿಯಿರುವುದಿಲ್ಲ. ಉಪವಾಸವಿದ್ದರೆ ಕೊಬ್ಬಿನೊಡನೆ ಮಾಂಸವೂ ಕರಗಿ ಪ್ರಾಣಕ್ಕೇ ಸಂಚಕಾರ. “ತೂಕ ಇಳಿಸಿಕೊಂಡು ಬಾ” ಎಂದಷ್ಟೇ ಹೇಳಿ ಕಳುಹಿಸುವುದು, ಅಕ್ಷರವನ್ನು ಕಲಿಸದೆ ಪರೀಕ್ಷೆಗೆ ಕೂರಿಸಿದಂತೆ. ನಾವು ಮೇಷ್ಟ್ರಾಗಿದ್ದವರು, ಅದು ಎಂತಹ ಅನ್ಯಾಯವೆಂದು ಬಲ್ಲೆವು.

ದಾರಿಗಳು ಇಲ್ಲದಿಲ್ಲ. ಷಿಕಾಗೋ ನಗರದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ೨೦೦೯ರಿಂದ ಯಂತ್ರಹಸ್ತಗಳ ಸಹಾಯದಿಂದ ಸಣ್ಣ ರಂಧ್ರಗಳ ಮೂಲಕ ಸ್ಥೂಲರಿಗೆ ಕಸಿ ಮಾಡುತ್ತ ಬಂದಿರುವರು. ೨೦೧೩ರಲ್ಲಿ ಅವರು ಪ್ರಕಟಿಸಿದಂತೆ, ಹೀಗೆ ಕಸಿಯಾದ ೨೮ ಮಂದಿಯಲ್ಲಿ ಒಬ್ಬರ ಗಾಯವೂ ಕೀವಾಗಲಿಲ್ಲ. ಹಳೆಯ ಕ್ರಮದ ೨೮ ಮಂದಿಯಲ್ಲಿ ೮ ಮಂದಿಗೆ ಆಯಿತು. ಜಠರವನ್ನು ಚಿಕ್ಕದು ಮಾಡುವ ಶಸ್ತ್ರಚಿಕಿತ್ಸೆಯಿಂದ ತೂಕವನ್ನಿಳಿಸಿಕೊಂಡು ಕಸಿಯನ್ನು ಪಡೆದವರೂ ಇರುವರು. ಹೊಸ ಚುಚ್ಚುಮದ್ದುಗಳೂ ಬಂದಿವೆ. ಮೂತ್ರಪಿಂಡದ ವೈದ್ಯರ ಅಪ್ಪಣೆಯಿಲ್ಲದೆ ಅವನ್ನು ಮುಟ್ಟತಕ್ಕದ್ದಲ್ಲ. ೨೦೨೦ರಲ್ಲಿ ಅಂತಾರಾಷ್ಟ್ರೀಯ ಮೂತ್ರಪಿಂಡತಜ್ಞರ ಮಂಡಲಿಯು, ಸ್ಥೌಲ್ಯವೊಂದನ್ನೇ ಕಾರಣಮಾಡಿ ಯಾರನ್ನೂ ಕಸಿಯಿಂದ ಹೊರಗಿಡಬಾರದೆಂದೂ, ತೂಕವನ್ನಿಳಿಸುವುದಕ್ಕೆ ಬೇಕಾದ ಸಹಾಯವನ್ನು ಒದಗಿಸಬೇಕೆಂದೂ ಸೂಚಿಸಿತು. ಗೆರೆಯು ಎಲ್ಲ ಆಸ್ಪತ್ರೆಗಳಲ್ಲಿಯೂ ಒಂದೇ ಅಲ್ಲ. ಒಂದು ಕಡೆ ಇಲ್ಲವೆಂದದ್ದು ಇನ್ನೊಂದು ಕಡೆ ಆಗಬಹುದು. ಇನ್ನೊಂದು ಸಮಾಧಾನ: ೨೦೧೪ರ ಡಿಸೆಂಬರಿನಿಂದ ಆ ದೇಶದಲ್ಲಿ ಕಾದ ಕಾಲವನ್ನು ಡಯಾಲಿಸಿಸ್ ಮೊದಲಾದ ದಿನದಿಂದ ಎಣಿಸುವರು. ಆದುದರಿಂದ ನಮ್ಮ ಶಿಷ್ಯನ ಎರಡು ವರ್ಷಗಳು ನಷ್ಟವಾಗಿಲ್ಲ.

ನಮ್ಮ ನಾಡಿನಲ್ಲಿಯೂ ಇದನ್ನು ದೂರದ ಮಾತೆಂದು ಎಣಿಸಕೂಡದು. ಇಲ್ಲಿ ಹೆಚ್ಚಿನ ಕಸಿಗಳಿಗೆ ಮೂತ್ರಪಿಂಡವನ್ನು ಕೊಡುವವರು ಮನೆಯವರೇ. ತಾಯಿ, ಹೆಂಡತಿ, ಒಡಹುಟ್ಟಿದವರು. ಕೊಡುವವರ ತೂಕವನ್ನೂ ವೈದ್ಯರು ನೋಡುವರು. ನಮ್ಮವರಿಗೆ ೨೩ನ್ನು ದಾಟಿದಲ್ಲಿಂದಲೇ ಎಚ್ಚರಿಕೆ ಬೇಕೆಂದು ೨೦೦೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹೇಳಿರುವರು. ಮಧುಮೇಹ, ರಕ್ತದ ಒತ್ತಡ ಇರುವವರು ವರ್ಷಕ್ಕೊಮ್ಮೆಯಾದರೂ ಮೂತ್ರವನ್ನೂ ರಕ್ತವನ್ನೂ ಪರೀಕ್ಷೆ ಮಾಡಿಸಿದರೆ, ಸರದಿಯಲ್ಲಿ ನಿಲ್ಲುವ ಕಾಲವು ಅನೇಕರಿಗೆ ಬಾರದೆ ಹೋಗಬಹುದು.

ಚರಕಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯವನ್ನು ನಾವು ಮತ್ತೊಮ್ಮೆ ತೆರೆದು ನೋಡಿದೆವು. ಎಂಟು ಬಗೆಯ ನಿಂದಿತ ಶರೀರಗಳಲ್ಲಿ ಅತಿಸ್ಥೂಲವೂ ಒಂದೆಂದು ಅಲ್ಲಿ ಹೇಳಿದೆ. ಇಷ್ಟು ನಮಗೆ ನೆನಪಿತ್ತು. ಆದರೆ ಸ್ಥೌಲ್ಯದ ಕಾರಣಗಳಲ್ಲಿ ಅತಿಭೋಜನ, ಹಗಲುನಿದ್ರೆಗಳ ಜೊತೆಗೆ ಬೀಜಸ್ವಭಾವವನ್ನೂ, ಎಂದರೆ ಹುಟ್ಟಿನಿಂದ ಬಂದದ್ದನ್ನೂ, ಆಚಾರ್ಯನು ಸೇರಿಸಿರುವನು. ಅತಿಸ್ಥೂಲನೂ ಅತಿಕೃಶನೂ ಸದಾ ರೋಗಿಗಳು, ಆದಕಾರಣ ಸದಾ ಉಪಚಾರಕ್ಕೆ ತಕ್ಕವರು ಎಂಬುದು ಅಲ್ಲಿಯ ತಾತ್ಪರ್ಯ. ನಿಂದಿತನೆಂಬ ಮಾತನ್ನು ಹಿಡಿದುಕೊಂಡು ಉಪಚರ್ಯನೆಂಬ ಮಾತನ್ನು ಮರೆತವರು ನಾವು.

ಇದನ್ನೆಲ್ಲ ಶಿಷ್ಯನಿಗೆ ಹೇಳಿದೆವು. ಹಳೆಯ ತಪ್ಪಿಗೆ ಕ್ಷಮೆಯನ್ನೂ ಕೇಳಿದೆವು. “ಬಿಡಿ ಮೇಷ್ಟ್ರೇ, ಆ ಸಮಾಸ ಮಾತ್ರ ಇವತ್ತಿಗೂ ಮರೆತಿಲ್ಲ” ಎಂದು ನಕ್ಕನು. ಬರುವ ತಿಂಗಳು ಬೇರೊಂದು ಆಸ್ಪತ್ರೆಯಲ್ಲಿ ಅವನನ್ನು ನೋಡುವರಂತೆ. ಪಥ್ಯದ ವಿಷಯವನ್ನು ಬಲ್ಲವರೊಬ್ಬರನ್ನು ಆಗಲೇ ಕಂಡು ಬಂದಿರುವನು. ಫಲವೇನಾಗುವುದೋ ಕಾದು ನೋಡಬೇಕು.

ಗೃಹಸ್ಥರಲ್ಲಿ ನಮ್ಮ ಪ್ರಾರ್ಥನೆ ಇಷ್ಟೆ. ಮನೆಯಲ್ಲಿ ದಪ್ಪ ಮೈಯ ಮಗುವಿದ್ದರೆ ಅದಕ್ಕೆ ಹಿತವಾದ ಊಟವನ್ನು ಕೊಡಿರಿ, ಆಡುವುದಕ್ಕೆ ಬಿಡಿರಿ. ಅಡ್ಡಹೆಸರನ್ನು ಮಾತ್ರ ಕೊಡಬೇಡಿರಿ. ಮನೆಯಲ್ಲಿ ಸ್ಥೂಲನಾದ ರೋಗಿಯಿದ್ದರೆ, ಅವನು ನಾಚಿ ಕುಳಿತಿರುವಾಗ ಅವನ ಪರವಾಗಿ ನೀವು ಹೋಗಿ ಕೇಳಿರಿ. ನಾವು ಈಗ ಮೊಮ್ಮಗಳಿಗೆ ಬಹುವ್ರೀಹಿಯನ್ನು ಹೇಳಿಕೊಡುವಾಗ ಪೀತಾಂಬರನನ್ನು ಉದಾಹರಿಸುತ್ತಿದ್ದೇವೆ.