ಕರುಣರಸವೂ ಕಣ್ಣೀರೂ

ಪ್ರಯೋಗಶೀಲ ಚಲಚ್ಚಿತ್ರಗಳಲ್ಲಿ ದುಃಖವಿದೆ, ಅಳುವಿಲ್ಲ. ಆದುದರಿಂದ ಅವು ನೀರಸವೆಂಬ ಆಕ್ಷೇಪವು ನಮ್ಮ ಮಂಗಳೂರಿನ ರಸಿಕರಲ್ಲಿಯೂ ಕೇಳಿಬರುವುದುಂಟು. ಈ ಮಾತು ವಿಚಾರಕ್ಕೆ ನಿಲ್ಲದು.

ಭರತಮುನಿಯು ಕರುಣರಸಕ್ಕೆ ಸ್ಥಾಯಿಯೆಂದುದು ಶೋಕವನ್ನು, ಕಣ್ಣೀರನ್ನಲ್ಲ. ಅಶ್ರುವು ಎಂಟು ಸಾತ್ತ್ವಿಕಭಾವಗಳಲ್ಲಿ ಒಂದು ಮಾತ್ರ. ನಮ್ಮ ಯಕ್ಷಗಾನದಲ್ಲಿಯೂ ವೇಷಧಾರಿಯ ಶೋಕವನ್ನು ಹಾಡುವವನು ಭಾಗವತನಲ್ಲವೆ?

ಈ ಜಿಲ್ಲೆಯ ಮಣ್ಣಿನ ಕಥೆಯಾದ ‘ಚೋಮನ ದುಡಿ’ಯನ್ನೇ ನೋಡಿರಿ. ಶಿವರಾಮ ಕಾರಂತರ ಕಾದಂಬರಿಯನ್ನು 1975ರಲ್ಲಿ ಬಿ. ವಿ. ಕಾರಂತರು ತೆರೆಗೆ ತಂದರು, ಎಂ. ವಿ. ವಾಸುದೇವರಾಯರು ಚೋಮನಾದರು. ಹುಟ್ಟಿದ ಜಾತಿಯ ಕಾರಣದಿಂದ ಬೇಸಾಯಕ್ಕೆ ತುಂಡು ಭೂಮಿಯೂ ದೊರೆಯದೆ, ಒಬ್ಬೊಬ್ಬರಾಗಿ ಮಕ್ಕಳನ್ನು ಕಳೆದುಕೊಂಡ ಆ ಮುದುಕನು ತನ್ನ ಸಂಕಟವನ್ನೆಲ್ಲ ದುಡಿಯ ಮೇಲೆ ಬಡಿಯುತ್ತಾನೆ. ಅಲ್ಲಿ ಪಿಟೀಲುಗಳನ್ನು ಮೊರೆಯಿಸಿ ಗ್ಲಿಸರಿನ್ ಸುರಿಸಿದ್ದರೆ, ನಾವು ಕರವಸ್ತ್ರವನ್ನು ಒದ್ದೆಮಾಡಿಕೊಂಡು, ಕರ್ತವ್ಯವು ತೀರಿತೆಂದು ಮನೆಗೆ ಮರಳುತ್ತಿದ್ದೆವು. ದುಡಿಯ ಸದ್ದಾದರೋ, ‘ಇವನಿಗೆ ಭೂಮಿಯನ್ನು ಕೊಡದವರು ನಿಮ್ಮಂತಹ ಮನೆಗಳ ಹಿರಿಯರಲ್ಲವೆ?’ ಎಂದು ನಮ್ಮನ್ನೇ ಕೇಳುತ್ತದೆ.

ಹಾಗೆಂದು ಮೌನವೆಲ್ಲವೂ ಕಲೆಯಲ್ಲ. ಗೋಡೆಯನ್ನು ದಿಟ್ಟಿಸಿ ಕುಳಿತ ಪಾತ್ರವನ್ನು ನಿಮಿಷಗಟ್ಟಲೆ ತೋರಿಸಿ, ಇದೇ ದುಃಖವೆನ್ನುವ ಅನುಕರಣಕಾರರೂ ಇದ್ದಾರೆ. ಕಾರಣವಿಲ್ಲದ ಮೌನವು ಕಾರಣವಿಲ್ಲದ ಅಳುವಿನಷ್ಟೇ ಹುಸಿ. ಪಾತ್ರವು ಅಳಲಿ, ಅಳದಿರಲಿ. ಶೋಕದ ಕಾರಣವು ಪ್ರೇಕ್ಷಕನನ್ನು ಬಿಡದೆ ಕಾಡಬೇಕು. ಸಹೃದಯರು ವಿವೇಚಿಸಲಿ.