ದೆವ್ವದ ತಲೆಗೆ ಕಟ್ಟಿದ ಕೊಲೆ

ಹೋದ ತಿಂಗಳು ಐದನೆಯ ತರಗತಿಯ ಮಕ್ಕಳಿಗೆ ‘ನಾನು ನೋಡಿದ ಒಂದು ಕಥೆ’ ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಯಹೇಳಿದೆವು. ಬಂದವುಗಳಲ್ಲಿ ಹೆಚ್ಚಿನವು ಟೆಲಿವಿಷನ್ ಧಾರಾವಾಹಿಗಳ ಕಥೆಗಳೇ. ಇದರಲ್ಲಿ ಆಶ್ಚರ್ಯವಿಲ್ಲ; ತಳಿಯ ಮನೆಗಳಲ್ಲಿ ಸಂಜೆಯಾದರೆ ಕನ್ನಡ, ತೆಲುಗು, ತಮಿಳು ಮೂರು ಭಾಷೆಗಳ ಧಾರಾವಾಹಿಗಳೂ ಸರದಿಯಂತೆ ಓಡುತ್ತವೆ. ಒಬ್ಬ ಹುಡುಗಿ ಬರೆದಿದ್ದಳು: ಹೊಸ ಸೊಸೆ ಬಾವಿಗೆ ಬಿದ್ದು ಸತ್ತಳು, ಪೊಲೀಸರು ಬಂದು ಹೋದರು, ಅಮಾವಾಸ್ಯೆಯ ದಿನ ಅವಳು ದೆವ್ವವಾಗಿ ಬಂದಳು. ಕಾಗುಣಿತದಲ್ಲಿ ಒಂದು ತಪ್ಪೂ ಇರಲಿಲ್ಲ. “ಅವಳು ಬಾವಿಗೆ ಬಿದ್ದದ್ದು ಹೇಗಮ್ಮ?” ಎಂದು ಕೇಳಿದೆವು. “ಆ ಮನೆಯಲ್ಲಿ ಮೊದಲೇ ಒಂದು ದೆವ್ವ ಇತ್ತು ಸಾರ್, ಅದೇ ಎಳಕೊಂಡಿತು” ಎಂದಳು. ತರಗತಿಯಲ್ಲಿ ಯಾರೂ ನಗಲಿಲ್ಲ. ಉತ್ತರ ಸರಿಯೆಂದೇ ಎಲ್ಲರಿಗೂ ತೋರಿತ್ತು.

‘ಪೊಲೀಸರು ಬಂದು ಹೋದರು’ ಎಂಬ ಆ ಮೂರು ಮಾತುಗಳೇ ಈ ಲೇಖನಕ್ಕೆ ಕಾರಣ.

ನಮ್ಮ ಸಹೋದ್ಯೋಗಿ ಮಿತ್ರರಲ್ಲಿ ಕೆಲವರು ಭೂತಪ್ರೇತಗಳ ಕಥೆಯನ್ನೇ ಮಕ್ಕಳ ಕಣ್ಣಿನಿಂದ ದೂರವಿಡಬೇಕೆನ್ನುತ್ತಾರೆ. ಈ ವಾದವನ್ನು ನಾವು ಒಪ್ಪಲಾರೆವು. ದೆವ್ವದ ಕಥೆ ಕೇಳದೆ ಬೆಳೆದ ಕನ್ನಡ ಮಗು ಯಾವುದು? ಸದಾನಂದ ಸುವರ್ಣರು ಕರಾವಳಿಯ ಹಿನ್ನೆಲೆಯಲ್ಲಿ ‘ಗುಡ್ಡದ ಭೂತ’ವನ್ನು 1990ರ ಸುಮಾರಿಗೆ ದೂರದರ್ಶನಕ್ಕೆ ಮಾಡಿಕೊಟ್ಟರು. ಭೂತದ ಭಯವೇ ಅದರ ವಸ್ತು. ಪ್ರಕಾಶ ರೈ ಅದರಲ್ಲಿ ಅಭಿನಯಿಸಿದ್ದರು. ಅದರ ಶೀರ್ಷಿಕೆಯ ಹಾಡನ್ನು ಹಿರಿಯರು ಇಂದಿಗೂ ಗುನುಗುವುದುಂಟು. 2024ರಲ್ಲಿ ಸುವರ್ಣರು ತೀರಿಕೊಂಡಾಗ ಜನ ಮೊದಲು ನೆನೆದದ್ದು ಈ ಧಾರಾವಾಹಿಯನ್ನೇ. ಹೀಗಿರುವಾಗ ನಮ್ಮ ಜಗಳ ಭೂತದೊಡನೆ ಅಲ್ಲವೇ ಅಲ್ಲ. ವಿಚಾರಣೆಯನ್ನು ಭೂತಕ್ಕೆ ಬಲಿಕೊಡುವವರೊಡನೆ ನಮ್ಮ ಜಗಳ.

ಈ ಜಾತಿಯ ಧಾರಾವಾಹಿಗಳಲ್ಲಿ ಹೆಸರಾಂತದ್ದು ಅಮೇರಿಕೆಯ ‘ಡಾರ್ಕ್ ಶ್ಯಾಡೋಸ್’. ಅದು 1966ರಿಂದ 1971ರವರೆಗೆ 1225 ಕಂತುಗಳಾಗಿ ನಡೆಯಿತು. ಸಮುದ್ರತೀರದ ಒಂದು ಕಲ್ಪಿತ ಊರು, ಬಂಡೆಗಳ ಮೇಲೆ ಒಂದು ಹಳೆಯ ಬಂಗಲೆ, ಅದರೊಳಗೆ ಕಾಲಿನ್ಸ್ ಮನೆತನ. ಮೊದಲನೆಯ ವರ್ಷದಲ್ಲಿಯೇ ಆ ಮನೆತನದ ಮೀನಿನ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಬಿಲ್ ಮಲಾಯ್ ಎಂಬವನು ಸಾಯುತ್ತಾನೆ. ಮನೆಯ ಯಜಮಾನಿಯ ತಮ್ಮ ರೋಜರನಿಗೆ ಅವನ ಬಾಯಿ ಮುಚ್ಚಿಸಬೇಕಾದ ಕಾರಣವಿತ್ತು. ಸಂಶಯ ಅವನ ಮೇಲೆ. ಊರಿನ ಷೆರೀಫನು ಬಂದು ಹೋಗುವವನಲ್ಲ, ಕುಳಿತು ಪ್ರಶ್ನೆ ಕೇಳುವವನು. ಯಾವ ಹೊತ್ತಿಗೆ ಎಲ್ಲಿದ್ದೆ? ಯಾರು ನಿನ್ನನ್ನು ಕಂಡರು? ತೀರದಲ್ಲಿ ಸಿಕ್ಕಿದ ಒಂದು ಬೆಳ್ಳಿಯ ಪೆನ್ನನ್ನು ಹಿಡಿದುಕೊಂಡು ಕಥೆ ಎಷ್ಟೋ ವಾರ ನಡೆಯುತ್ತದೆ. ಕೊನೆಗೆ ತಪ್ಪಿತಸ್ಥನೆಂದು ತಿಳಿದುಬರುವವನು ರೋಜರನಲ್ಲ, ಯಜಮಾನಿಗೆ ನಿಷ್ಠನಾಗಿದ್ದ ಆಳು ಮ್ಯಾಥ್ಯೂ. ಪ್ರೇತಗಳು ಅಲ್ಲಿಯೂ ಉಂಟು. ಸತ್ತವನ ಪ್ರೇತವೇ ಬರುತ್ತದೆ. ಆದರೆ ಸಾವಿನ ಹೊಣೆಯನ್ನು ಪ್ರೇತದ ತಲೆಗೆ ಕಟ್ಟಲಿಲ್ಲ. ಮನುಷ್ಯ ಮಾಡಿದ್ದು ಮನುಷ್ಯನ ಲೆಕ್ಕಕ್ಕೇ ಬಂದಿತು. (ಮರುವರ್ಷ ಅದೇ ಧಾರಾವಾಹಿಗೆ ರಕ್ತ ಹೀರುವ ಪಿಶಾಚಿಯೊಬ್ಬನು ಬಂದು ಪೆನ್ನು, ಪ್ರಶ್ನೆಗಳೆಲ್ಲ ಹಿಂದೆ ಬಿದ್ದವು, ನೋಡುವವರೂ ಹೆಚ್ಚಾದರು. ವ್ಯಾಪಾರದ ಸೆಳೆತ ನಮ್ಮಲ್ಲಿ ಮಾತ್ರ ಇಲ್ಲ.)

ಜನ ಇದನ್ನೇ ಬಯಸುತ್ತಾರೆ ಎಂಬುದು ತಯಾರಕರ ಹಳೆಯ ಸಮಜಾಯಿಷಿ. ಟಿ. ಎನ್. ಸೀತಾರಾಮರ ‘ಮುಕ್ತ’ ಬರುತ್ತಿದ್ದಾಗ ನ್ಯಾಯಾಲಯದ ಪಾಟೀಸವಾಲಿಗಾಗಿ ಕಾದು ಕುಳಿತವರು ಯಾವ ಜನ? ಪ್ರಶ್ನೆಯಿಂದ ನೋಡುವವನಿಗೆ ಬೇಸರ ಹುಟ್ಟುವುದಿಲ್ಲ. ಬರೆಯುವವನಿಗೆ ಶ್ರಮವಾಗುತ್ತದೆ, ಅಷ್ಟೇ. ಕಿಟಕಿ ಬಡಿಸಿ ದೀಪ ಆರಿಸುವುದಕ್ಕೆ ಅಂಥ ಶ್ರಮವೇನೂ ಬೇಡ.

ಇದು ಬರಿಯ ರುಚಿಯ ಮಾತಾಗಿದ್ದರೆ ನಾವು ಸುಮ್ಮನಿರುತ್ತಿದ್ದೆವು. ಆದರೆ ಸತ್ತವಳು ಯಾರು, ಗಮನಿಸಬೇಕು. ಹೊಸ ಸೊಸೆ! ಧಾರಾವಾಹಿಯಲ್ಲಿ ದೆವ್ವವಾಗುವವಳು ಬಹುಮಟ್ಟಿಗೆ ಅವಳೇ. ನಮ್ಮ ದೇಶದ ಕಾನೂನು ಆ ಹೆಣ್ಣಿನ ಸಾವನ್ನೇ ಎಲ್ಲಕ್ಕಿಂತ ಹೆಚ್ಚು ಸಂಶಯದಿಂದ ನೋಡಬೇಕೆಂದು ಹೇಳುತ್ತದೆ. ಮದುವೆಯಾಗಿ 7 ವರ್ಷದೊಳಗೆ ಸ್ತ್ರೀಯೊಬ್ಬಳು ಆತ್ಮಹತ್ಯೆ ಮಾಡಿಕೊಂಡರೆ ಇಲ್ಲವೆ ಸಂಶಯಾಸ್ಪದವಾಗಿ ಸತ್ತರೆ ಶವವನ್ನು ವೈದ್ಯರ ಪರೀಕ್ಷೆಗೆ ಕಳುಹಿಸತಕ್ಕದ್ದೆಂದು 1983ರಲ್ಲಿ ದಂಡಪ್ರಕ್ರಿಯಾ ಸಂಹಿತೆಗೆ ಸೇರಿಸಿದರು. ವರದಕ್ಷಿಣೆಯ ಸಾವು 1986ರಲ್ಲಿ ಪ್ರತ್ಯೇಕ ಅಪರಾಧವಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಲ್ಲಿಯೂ ಆ ನಿಯಮ ಉಳಿದಿದೆ. ಆ ಕಲಮಿನಂತೆ ಪೊಲೀಸ್ ಅಧಿಕಾರಿಯು ಶವವಿರುವ ಸ್ಥಳಕ್ಕೆ ಹೋಗಬೇಕು. ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಎದುರಿನಲ್ಲಿ ಮೈಮೇಲಿನ ಗಾಯ, ಮೂಳೆಮುರಿತ, ಬಾವುಗಳನ್ನು ನೋಡಿ ಬರೆಯಬೇಕು. ಯಾವ ಆಯುಧದಿಂದ ಆಗಿರಬಹುದೆಂಬುದನ್ನೂ ಕಾಣಿಸಬೇಕು. ಇದೇ ಪಂಚನಾಮೆ.

ಇಷ್ಟು ಕಷ್ಟಪಟ್ಟು ಪಡೆದ ನಿಯಮವನ್ನು ಸಂಜೆಯ ಒಂದು ಕಂತು ‘ಬಂದು ಹೋದರು’ ಎಂದು ಅಳಿಸಿಬಿಡುತ್ತದೆ. ನೋಡುತ್ತ ಕುಳಿತವಳು ಹತ್ತು ವರ್ಷದ ಹುಡುಗಿ. ಇನ್ನು ಕೆಲವು ವರ್ಷಗಳಲ್ಲಿ ಅವಳೂ ಒಂದು ಮನೆಗೆ ಸೊಸೆಯಾಗಿ ಹೋಗುವವಳು. ಅಲ್ಲಿಯೂ ಬಾವಿ ಇರುತ್ತದೆ. ಅವಳ ಗೆಳತಿಯೋ ಅಕ್ಕನೋ ಹಾಗೆ ಸತ್ತ ದಿನ, ‘ಗಾಳಿ ಸೋಕಿತ್ತು’ ಎಂದು ಮನೆಯವರು ಹೇಳಿದರೆ ಅವಳು ತಲೆಯಾಡಿಸಬೇಕೆ? ಧಾರಾವಾಹಿ ಬರೆಯುವ ಮಹನೀಯರನ್ನು ನಾವು ಕೇಳುವುದು ಇದೊಂದನ್ನೇ. ದೆವ್ವವನ್ನು ಬೇಕಾದರೆ ಇಟ್ಟುಕೊಳ್ಳಿರಿ. ಆದರೆ ಅದು ಬರುವ ಮುಂಚೆ ಪಂಚನಾಮೆ ಮುಗಿದಿರಲಿ.

ಅವರು ನಮ್ಮ ಈ ಕಲ್ಲಚ್ಚಿನ ಹಾಳೆಗಳನ್ನು ಓದುವವರಲ್ಲವೆಂಬುದು ನಮಗೆ ಗೊತ್ತಿದೆ. ಆದುದರಿಂದ ನಮ್ಮ ಕೈಯಲ್ಲಾದುದನ್ನು ಮಾಡಿದೆವು. ಮರುದಿನ ಪಾಠದ ಹೊತ್ತಿನಲ್ಲಿ ಅದೇ ಕಥೆಯನ್ನು ತೆಗೆದುಕೊಂಡು, ನೀವೇ ಪೊಲೀಸರಾದರೆ ಏನೇನು ಕೇಳುವಿರಿ, ಬರೆಯಿರಿ ಎಂದೆವು. ಬಾವಿಗೆ ಕಟ್ಟೆ ಇತ್ತೇ, ಕೊಡ ಎಲ್ಲಿ ಬಿದ್ದಿತ್ತು, ರಾತ್ರಿ ನೀರಿಗೆ ಕಳುಹಿಸಿದವರು ಯಾರು, ಚಪ್ಪಲಿ ಕಾಲಲ್ಲಿತ್ತೇ ಎಂದು ಪ್ರಶ್ನೆಗಳು ಬಂದವು. ಇಬ್ಬರು ನೆರೆಹೊರೆಯವರ ವಿಷಯವನ್ನು ತಿಳಿಸಿದಾಗ ಆ ಹುಡುಗಿಯೇ ಎದ್ದು ನಿಂತು, “ಹೆಂಗಸರೂ ಆಗಬಹುದಾ ಸಾರ್?” ಎಂದಳು. ಗಂಡಸರೇ ಆಗಬೇಕೆಂದು ಕಾನೂನು ಹೇಳಿಲ್ಲವೆಂದೆವು.

“ಹಂಗಾದ್ರೆ ನಮ್ಮಜ್ಜಿನ ಕರೀರಿ ಸಾರ್,” ಎಂದಳು, “ಅವಳ ಕಣ್ಣಿಗೆ ಏನೂ ತಪ್ಪಲ್ಲ.”